ಜಠರದ ಬಾಗಿಲು

ನಮ್ಮ ಹಿರಿಯರು ಹಸಿವನ್ನು ಬೆಂಕಿಗೆ ಹೋಲಿಸಿದರು. ಉಂಡ ಅನ್ನವನ್ನು ಅರಗಿಸುವ ಶಕ್ತಿಗೆ ‘ಜಠರಾಗ್ನಿ’ ಎಂಬ ಹೆಸರನ್ನಿಟ್ಟರು. ಈ ಹೋಲಿಕೆ ಬಹಳ ಮಟ್ಟಿಗೆ ಉಚಿತವಾದುದೇ ಆಗಿದೆ. ಒಲೆಯೊಳಗಿನ ಬೆಂಕಿ ಅಡುಗೆಯನ್ನು ಬೇಯಿಸುತ್ತದೆ. ಅದೇ ಬೆಂಕಿ ಒಲೆಯನ್ನು ಬಿಟ್ಟು ಮಾಡಿಗೆ ತಗುಲಿದರೆ ಮನೆಯನ್ನೇ ಸುಡುತ್ತದೆ. ನಮ್ಮ ಜಠರದಲ್ಲಿರುವ ಆಮ್ಲವೂ ಹಾಗೆಯೇ. ತನ್ನ ನೆಲೆಯಲ್ಲಿದ್ದಾಗ ಅದು ಉಪಕಾರಿ. ನೆಲೆ ತಪ್ಪಿ ಮೇಲೇರಿದಾಗ ಅಪಕಾರಿ. ಊಟವಾದ ಮೇಲೆ ಎದೆಯ ನಡುವೆ ಉರಿ, ಬಾಯಿಗೆ ಹುಳಿನೀರು, ಮಲಗಿದರೆ ಹೆಚ್ಚುವ ಸಂಕಟ—ಇವು ಹಲವರು ಅನುಭವಿಸುವ ತೊಂದರೆಗಳು. ಅಪರೂಪಕ್ಕೊಮ್ಮೆ ಬಂದು ಹೋದರೆ ಇದರಿಂದ ಹಾನಿಯಿಲ್ಲ. ಆದರೆ ವರ್ಷಗಟ್ಟಲೆ ಆಮ್ಲವು ಮೇಲೇರುತ್ತಿದ್ದರೆ ಅನ್ನನಾಳದ ಒಳಪೊರೆ ಸವೆದು ಹುಣ್ಣಾಗಬಹುದು. ನಾಳವು ಕಿರಿದಾಗಿ ನುಂಗುವುದೇ ಕಷ್ಟವಾಗಬಹುದು. ಕೆಲವರಲ್ಲಿ ಅದು ಕ್ಯಾನ್ಸರಿಗೂ ದಾರಿಯಾಗಬಹುದು. ಈ ರೋಗಕ್ಕೆ ಸುಲಭವಾದ ಚಿಕಿತ್ಸೆಯನ್ನು ಹುಡುಕಿದವರ ಪ್ರಯತ್ನವನ್ನೂ, ಆ ಪ್ರಯತ್ನದಲ್ಲಿ ಮೂಕಪ್ರಾಣಿಗಳು ವಹಿಸಿದ ಪಾತ್ರವನ್ನೂ ಈ ಪಾಠದಲ್ಲಿ ತಿಳಿಯೋಣ.

ಜಠರದಲ್ಲಿರುವುದು ಎಂತಹ ದ್ರವ ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯರು ಮೊಲವೇ ಮೊದಲಾದ ಪ್ರಾಣಿಗಳ ಜಠರರಸವನ್ನು ಪರೀಕ್ಷಿಸಿ, ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು 1824ರಲ್ಲಿ ಪ್ರಕಟಿಸಿದರು. ಲೋಹವನ್ನೂ ಕರಗಿಸಬಲ್ಲ ಆಮ್ಲ ಜೀವಂತ ದೇಹದೊಳಗೆ ಇದೆಯೆಂಬುದು ಅಂದಿನವರಿಗೆ ಸೋಜಿಗದ ಸಂಗತಿಯಾಗಿತ್ತು. ಜಠರದ ಒಳಗೋಡೆಯನ್ನು ದಪ್ಪನಾದ ಲೋಳೆಯ ಪದರವೊಂದು ಸದಾ ಹೊದ್ದುಕೊಂಡು ಕಾಪಾಡುತ್ತದೆ. ಆದ್ದರಿಂದ ಆಮ್ಲವು ಜಠರವನ್ನು ಸುಡುವುದಿಲ್ಲ. ಅನ್ನನಾಳಕ್ಕೆ ಅಂತಹ ಬಲವಾದ ಕವಚವಿಲ್ಲ. ಆದುದರಿಂದ ಇವೆರಡರ ನಡುವೆ ಒಂದು ಬಾಗಿಲು ಅವಶ್ಯಕ.

ಆ ಬಾಗಿಲು ಎಲ್ಲಿದೆ? ಗಂಟಲಿನಿಂದ ಜಠರದವರೆಗೆ ಸುಮಾರು 25 ಸೆಂಟಿಮೀಟರು ಉದ್ದದ ಅನ್ನನಾಳವು ಎದೆಗೂಡನ್ನು ಹಾದು, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ರಂಧ್ರದ ಮೂಲಕ ಕೆಳಗಿಳಿಯುತ್ತದೆ. ದೇಹವನ್ನು ಕೊಯ್ದು ನೋಡಿದ ಅಂಗರಚನಾ ಶಾಸ್ತ್ರಜ್ಞರಿಗೆ ಇಲ್ಲಿ ಕದದಂತಹ ರಚನೆಯೇನೂ ಸ್ಪಷ್ಟವಾಗಿ ಕಾಣಲಿಲ್ಲ. ಕಣ್ಣಿಗೆ ಕಾಣದ ಈ ಬಾಗಿಲನ್ನು ಅಳತೆಯ ಉಪಕರಣ ಕಂಡುಹಿಡಿಯಿತು. ಅಮೆರಿಕದ ಮೇಯೋ ಕ್ಲಿನಿಕ್‌ನ ಫೈಕ್, ಕೋಡ್ ಮತ್ತು ಶ್ಲೆಗೆಲ್ ಎಂಬುವರು ಅನ್ನನಾಳದೊಳಗಿನ ಒತ್ತಡವನ್ನು ಅಂಗುಲ ಅಂಗುಲವಾಗಿ ಅಳೆದು, ಅದರ ಕೆಳತುದಿಯ ಕೆಲವು ಸೆಂಟಿಮೀಟರುಗಳಲ್ಲಿ ಒತ್ತಡವು ಸದಾ ಹೆಚ್ಚಾಗಿರುವುದನ್ನು 1956ರಲ್ಲಿ ತೋರಿಸಿಕೊಟ್ಟರು. ಅಲ್ಲಿನ ಸ್ನಾಯು ಯಾವಾಗಲೂ ಬಿಗಿದುಕೊಂಡಿರುತ್ತದೆ. ನಾವು ತುತ್ತನ್ನು ನುಂಗಿದೊಡನೆ ಕೆಲವು ಕ್ಷಣ ಸಡಿಲಗೊಂಡು ಆಹಾರಕ್ಕೆ ದಾರಿ ಬಿಡುತ್ತದೆ, ಮರಳಿ ಬಿಗಿದುಕೊಳ್ಳುತ್ತದೆ. ಇದನ್ನು ಸಂಕೋಚಕ ಸ್ನಾಯುವೆಂದು ಕರೆಯುತ್ತಾರೆ. ಸುತ್ತಲಿನ ವಪೆಯೂ ಇದಕ್ಕೆ ಬೆಂಬಲವಾಗಿ ನಿಲ್ಲುತ್ತದೆ.

ಈ ಬಾಗಿಲು ಕೆಡುವುದಕ್ಕೆ ಕಾರಣಗಳು ಹಲವು. ಕೆಲವರಲ್ಲಿ ಸ್ನಾಯುವಿನ ಬಿಗಿ ಕಡಿಮೆಯಾಗಿರುತ್ತದೆ. ಇನ್ನು ಕೆಲವರಲ್ಲಿ ಜಠರದ ಮೇಲ್ಭಾಗವೇ ವಪೆಯ ರಂಧ್ರದ ಮೂಲಕ ಎದೆಯೊಳಕ್ಕೆ ಜಾರಿರುತ್ತದೆ. ಮೂರನೆಯ ಕಾರಣವನ್ನು ಜಾನ್ ಡೆಂಟ್, ಡಾಡ್ಸ್ ಮೊದಲಾದವರು 1980ರ ಸುಮಾರಿಗೆ ಸ್ಪಷ್ಟಪಡಿಸಿದರು. ನುಂಗುವ ಕ್ರಿಯೆ ನಡೆಯದಿದ್ದರೂ ಸಂಕೋಚಕ ಸ್ನಾಯು ಆಗಾಗ ತಾನಾಗಿ ಸಡಿಲಗೊಳ್ಳುತ್ತದೆ. ಜಠರದಲ್ಲಿ ಸೇರಿದ ಗಾಳಿ ತೇಗಾಗಿ ಹೊರಬರುವುದಕ್ಕೆ ಇದು ಅಗತ್ಯ. ಆದರೆ ಗಾಳಿ ಬರುವ ದಾರಿಯಲ್ಲಿಯೇ ಆಮ್ಲವೂ ಬರಬಲ್ಲದು. ಬಾಗಿಲು ಗಟ್ಟಿಯಾಗಿದ್ದರೂ ಕಾವಲುಗಾರನು ಹೊತ್ತಲ್ಲದ ಹೊತ್ತಿನಲ್ಲಿ ಅದನ್ನು ತೆರೆದರೆ ಮನೆಗೆ ರಕ್ಷಣೆಯಿಲ್ಲವಷ್ಟೆ. ಹೀಗೆ ಈ ರೋಗವು ಸ್ನಾಯುವಿನ ದೋಷ ಮಾತ್ರವಲ್ಲ, ನರಗಳ ಆಜ್ಞೆಯ ದೋಷವೂ ಹೌದೆಂಬುದು ತಿಳಿಯಿತು.

ಚಿಕಿತ್ಸೆಗೆ ಎರಡು ದಾರಿಗಳು ತೆರೆದವು. ಮೊದಲನೆಯದು ಔಷಧದ ದಾರಿ. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ರೂಪಿಸಿದ ಸಿಮೆಟಿಡೀನ್ ಎಂಬ ಔಷಧ 1976ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. 1988ರಲ್ಲಿ ಅದಕ್ಕಿಂತ ಪ್ರಬಲವಾದ ಒಮೆಪ್ರಜೋಲ್ ಬಂದಿತು. ಇವು ಜಠರದಲ್ಲಿ ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ಬಹುಪಾಲು ರೋಗಿಗಳಿಗೆ ಇವುಗಳಿಂದ ನೆಮ್ಮದಿ ದೊರೆಯಿತು. ಆದರೆ ಇವು ಬೆಂಕಿಯನ್ನು ತಗ್ಗಿಸುತ್ತವೆಯೇ ಹೊರತು ಬಾಗಿಲನ್ನು ದುರಸ್ತಿ ಮಾಡುವುದಿಲ್ಲ. ಔಷಧವನ್ನು ಬಿಟ್ಟೊಡನೆ ಅನೇಕರಿಗೆ ಉರಿ ಮರುಕಳಿಸುತ್ತದೆ.

ಎರಡನೆಯದು ಶಸ್ತ್ರಚಿಕಿತ್ಸೆಯ ದಾರಿ. ಇದರೊಡನೆ ರುಡಾಲ್ಫ್ ನಿಸೆನ್ ಎಂಬ ವೈದ್ಯರ ಹೆಸರು ಶಾಶ್ವತವಾಗಿ ಸೇರಿಕೊಂಡಿದೆ. ನಿಸೆನ್ ಜರ್ಮನಿಯಲ್ಲಿ ಹುಟ್ಟಿದವರು, ಯಹೂದಿ ಮನೆತನದವರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ದೇಶವನ್ನು ತೊರೆದು ತುರ್ಕಿಯ ಇಸ್ತಾನ್‌ಬುಲ್ ನಗರವನ್ನು ಸೇರಿದರು. ಅಲ್ಲಿ ಅನ್ನನಾಳದ ಕೆಳತುದಿಯಲ್ಲಿ ಹುಣ್ಣಾಗಿದ್ದ ರೋಗಿಯೊಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡಿ, ಕೊಯ್ದು ಜೋಡಿಸಿದ ಜಾಗ ಸೋರದಿರಲೆಂದು ಅದರ ಸುತ್ತ ಜಠರದ ಅಂಚನ್ನು ಹೊದಿಸಿದ್ದರು. ವರ್ಷಗಳ ಮೇಲೆ ನೋಡಿದಾಗ ಆ ರೋಗಿಗೆ ಎದೆಯುರಿಯ ತೊಂದರೆಯೇ ಇರಲಿಲ್ಲ. ಈ ಅನುಭವವನ್ನು ಅವರು ಮರೆಯಲಿಲ್ಲ. ಮುಂದೆ ಅಮೆರಿಕಕ್ಕೆ ಹೋಗಿ, 1948ರಲ್ಲಿ ವಿಜ್ಞಾನಿ ಐನ್‌ಸ್ಟೀನರಿಗೂ ಶಸ್ತ್ರಚಿಕಿತ್ಸೆ ಮಾಡಿದ ನಿಸೆನ್, ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನೆಲೆಸಿದರು. ಅಲ್ಲಿ 1955ರಲ್ಲಿ, ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಕೊರಳಪಟ್ಟಿಯಂತೆ ಸುತ್ತಿ ಹೊಲಿಯುವ ಕ್ರಮವನ್ನು ಉದ್ದೇಶಪೂರ್ವಕವಾಗಿ ಕೈಗೊಂಡು, ಮರುವರ್ಷ ಪ್ರಕಟಿಸಿದರು. ಜಠರ ತುಂಬಿದಷ್ಟೂ ಈ ಪಟ್ಟಿ ಅನ್ನನಾಳವನ್ನು ಬಿಗಿಯಾಗಿ ಒತ್ತುತ್ತದೆ. ಅಂದು ಇದಕ್ಕಾಗಿ ಹೊಟ್ಟೆಯನ್ನು ಉದ್ದಕ್ಕೂ ಕೊಯ್ಯಬೇಕಾಗಿತ್ತು. 1991ರಲ್ಲಿ ಬೆಲ್ಜಿಯಂ ದೇಶದ ಬರ್ನಾರ್ಡ್ ಡಾಲ್‌ಮಾನ್ ಮತ್ತು ಸಂಗಡಿಗರು ಕೆಲವು ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಕೆಯನ್ನು ತೂರಿಸಿ ಇದೇ ಶಸ್ತ್ರಚಿಕಿತ್ಸೆಯನ್ನು ಮಾಡಿದ ವರದಿಯನ್ನು ಪ್ರಕಟಿಸಿದರು.

ಗಾಯ ಚಿಕ್ಕದಾದಂತೆ ಆಸೆ ದೊಡ್ಡದಾಯಿತು. ಹೊಟ್ಟೆಯ ಮೇಲೆ ಒಂದು ಗೆರೆಯನ್ನೂ ಎಳೆಯದೆ, ಬಾಯಿಯ ಮೂಲಕವೇ ನಳಿಕೆಯನ್ನು ಇಳಿಸಿ ಬಾಗಿಲನ್ನು ಸರಿಪಡಿಸಬಾರದೇಕೆ ಎಂದು ವೈದ್ಯರು ಯೋಚಿಸಿದರು. ಒಬ್ಬರು ಒಳಗಿನಿಂದಲೇ ಹೊಲಿಗೆ ಹಾಕುವ ಪುಟ್ಟ ಯಂತ್ರವನ್ನು ರಚಿಸಿದರು. ಇನ್ನೊಬ್ಬರು ಸ್ನಾಯುವಿನೊಳಕ್ಕೆ ಮಂದವಾದ ದ್ರವ್ಯವನ್ನು ಚುಚ್ಚಿ ದಾರಿಯನ್ನು ಕಿರಿದುಗೊಳಿಸಲು ಎಣಿಸಿದರು. ಮತ್ತೊಬ್ಬರು ವಿದ್ಯುತ್ತಿನ ಕಾವಿನಿಂದ ಸ್ನಾಯುವನ್ನು ಬಿಗಿಗೊಳಿಸಲು ಯತ್ನಿಸಿದರು. ಯೋಚನೆಗಳೇನೋ ಚೆನ್ನಾಗಿದ್ದವು. ಆದರೆ ಅನ್ನನಾಳದ ಗೋಡೆ ಕೆಲವೇ ಮಿಲಿಮೀಟರು ದಪ್ಪನಾದುದು. ಅದರ ಮಗ್ಗುಲಲ್ಲಿಯೇ ಹೃದಯವೂ ದೇಹದ ಅತಿ ದೊಡ್ಡ ರಕ್ತನಾಳವಾದ ಮಹಾಪಧಮನಿಯೂ ಇವೆ. ಸೂಜಿ ಒಂದು ಕೂದಲೆಳೆಯಷ್ಟು ದಾರಿ ತಪ್ಪಿದರೂ ಅನಾಹುತ. ಎದೆಯುರಿಯು ಸಾಮಾನ್ಯವಾಗಿ ಪ್ರಾಣವನ್ನು ತೆಗೆಯುವ ರೋಗವಲ್ಲ. ಅದಕ್ಕೆ ಮಾಡುವ ಚಿಕಿತ್ಸೆಯೂ ಪ್ರಾಣಕ್ಕೆ ಎರವಾಗಬಾರದು. ಹೊಸ ಉಪಕರಣವನ್ನು ಒಮ್ಮೆಲೇ ಮನುಷ್ಯರ ಮೇಲೆ ಪ್ರಯೋಗಿಸುವುದು ಸರಿಯಲ್ಲ. ಇಲ್ಲಿ ಪ್ರಾಣಿಪ್ರಯೋಗದ ಪ್ರಸ್ತಾಪ ಬರುತ್ತದೆ.

ಯಾವ ಪ್ರಾಣಿಯನ್ನು ಆರಿಸಬೇಕು? ಈ ಪ್ರಶ್ನೆ ತೋರುವಷ್ಟು ಸರಳವಾದುದಲ್ಲ. ಇಲಿಯನ್ನು ಸಾಕುವುದು ಸುಲಭ. ಆಮ್ಲದಿಂದ ಒಳಪೊರೆಗಾಗುವ ಹಾನಿಯನ್ನು ಅಭ್ಯಸಿಸಲು ಅದನ್ನು ಬಹಳವಾಗಿ ಬಳಸಿದ್ದಾರೆ. ಆದರೆ ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಅದರ ಅನ್ನನಾಳದಲ್ಲಿ ಮನುಷ್ಯರಲ್ಲಿರುವಂತಹ ಲೋಳೆಗ್ರಂಥಿಗಳೂ ಇಲ್ಲ. ಮೇಲಾಗಿ, ಮನುಷ್ಯನಿಗಾಗಿ ಮಾಡಿದ ನಳಿಕೆ ಅದರ ಬಾಯಿಗೆ ಹಿಡಿಸುವುದಿಲ್ಲ. ಅಮೆರಿಕ ಖಂಡದಲ್ಲಿ ಒಪಾಸಮ್ ಎಂಬ, ಮರಿಯನ್ನು ಚೀಲದಲ್ಲಿ ಹೊರುವ ಪ್ರಾಣಿಯಿದೆ. ಅದರ ಅನ್ನನಾಳದ ಕೆಳಭಾಗ ಮನುಷ್ಯನಲ್ಲಿರುವಂತೆಯೇ ನಯಸ್ನಾಯುವಿನಿಂದ ಆಗಿದೆ. ಸಂಕೋಚಕ ಸ್ನಾಯುವಿನ ಕೆಲಸದ ಬಗೆಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಈ ಪ್ರಾಣಿಯಿಂದ ಬಂದುದು. ನಾಯಿಯ ಅನ್ನನಾಳವಾದರೋ ಉದ್ದಕ್ಕೂ ಕೈಕಾಲುಗಳಲ್ಲಿರುವಂತಹ ರೇಖಿತ ಸ್ನಾಯುವಿನಿಂದ ಕೂಡಿದೆ. ಆದರೂ ನುಂಗದೆಯೇ ಬಾಗಿಲು ಸಡಿಲಗೊಳ್ಳುವ ಕ್ರಿಯೆ ನಾಯಿಯಲ್ಲಿಯೂ ಉಂಟು. ಹಂದಿಯ ಜಠರ ಗಾತ್ರದಲ್ಲಿಯೂ ರಚನೆಯಲ್ಲಿಯೂ ನಮ್ಮದನ್ನು ಹೋಲುತ್ತದೆ, ಅನ್ನನಾಳದಲ್ಲಿ ಲೋಳೆಗ್ರಂಥಿಗಳಿವೆ, ಮನುಷ್ಯರ ಉಪಕರಣಗಳನ್ನು ಇದ್ದಂತೆಯೇ ಬಳಸಬಹುದು. ಆದ್ದರಿಂದ ನಳಿಕೆಯ ಚಿಕಿತ್ಸೆಗಳ ಪರೀಕ್ಷೆಗೆ ಹಂದಿಯೇ ಹೆಚ್ಚಾಗಿ ಬಳಕೆಯಾಯಿತು.

ಇಷ್ಟಾದರೂ ಒಂದು ಅಂತರ ಉಳಿಯುತ್ತದೆ. ಈ ಪ್ರಾಣಿಗಳೆಲ್ಲ ನಾಲ್ಕು ಕಾಲಿನ ಮೇಲೆ ನಿಲ್ಲುವಂಥವು. ಅವುಗಳ ಅನ್ನನಾಳ ನೆಲಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿರುತ್ತದೆ. ಮನುಷ್ಯನು ನೆಟ್ಟಗೆ ನಿಲ್ಲುತ್ತಾನೆ, ರಾತ್ರಿ ಮಲಗುತ್ತಾನೆ. ಆರೋಗ್ಯವಾದ ಹಂದಿಗೆ ನಮ್ಮಂತಹ ರೋಗವೂ ಇರುವುದಿಲ್ಲ. ಆದ್ದರಿಂದ ಪ್ರಯೋಗಕ್ಕೆ ಮೊದಲು ಸ್ನಾಯುವಿನ ಕೆಲವು ಎಳೆಗಳನ್ನು ಕತ್ತರಿಸಿ, ಇಲ್ಲವೇ ಔಷಧವನ್ನು ಚುಚ್ಚಿ, ಬಾಗಿಲನ್ನು ಕೃತಕವಾಗಿ ಸಡಿಲಗೊಳಿಸುವುದುಂಟು. ಹೀಗೆ ಪ್ರಾಣಿಯಲ್ಲಿ ರೂಪಿಸಿದ ರೋಗವು ಮಾನವರೋಗದ ಒಂದು ಮಾದರಿ ಮಾತ್ರ. ಊರಿನ ನಕ್ಷೆ ಊರಲ್ಲ. ಆದರೆ ನಕ್ಷೆಯಿಲ್ಲದೆ ದಾರಿ ಹಿಡಿಯುವುದು ಕಷ್ಟ.

ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. ಮೊದಲು ಪ್ರಾಣಿಗೆ ಅರಿವಳಿಕೆ ಕೊಟ್ಟು, ಸಂಕೋಚಕ ಸ್ನಾಯುವಿನ ಒತ್ತಡವನ್ನು ಅಳೆಯುತ್ತಾರೆ. ಎರಡನೆಯದಾಗಿ, ಜಠರಕ್ಕೆ ನೀರನ್ನು ಇಲ್ಲವೇ ಗಾಳಿಯನ್ನು ಮೆಲ್ಲಮೆಲ್ಲನೆ ತುಂಬುತ್ತಾ ಎಷ್ಟು ಒತ್ತಡಕ್ಕೆ ಬಾಗಿಲು ಸೋತು ತೆರೆದುಕೊಳ್ಳುವುದೆಂದು ನೋಡುತ್ತಾರೆ. ಕೆರೆಯ ತೂಬು ಎಷ್ಟು ನೀರಿನ ಒತ್ತಡವನ್ನು ತಡೆಯಬಲ್ಲದೆಂದು ಪರೀಕ್ಷಿಸುವಂತೆಯೇ ಇದು. ಮೂರನೆಯದಾಗಿ, ಅನ್ನನಾಳದಲ್ಲಿ ಆಮ್ಲತೆಯನ್ನು ಅರಿಯುವ ತಂತಿಯನ್ನಿರಿಸಿ, ಎಷ್ಟು ಹೊತ್ತು ಅಲ್ಲಿ ಆಮ್ಲ ನಿಂತಿತ್ತೆಂಬುದನ್ನು ದಾಖಲಿಸುತ್ತಾರೆ. ಬಳಿಕ ಚಿಕಿತ್ಸೆ ಮಾಡಿ, ವಾರಗಳು ಅಥವಾ ತಿಂಗಳುಗಳು ಕಳೆದ ಮೇಲೆ ಈ ಅಳತೆಗಳನ್ನು ಮತ್ತೆ ತೆಗೆದುಕೊಳ್ಳುತ್ತಾರೆ. ಕೊನೆಗೆ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ಗಾಯ ಹೇಗೆ ಮಾಯಿತು, ನೆರೆಯ ಅಂಗಗಳಿಗೆ ಪೆಟ್ಟಾಯಿತೇ ಎಂಬುದನ್ನು ಪರಿಶೀಲಿಸುತ್ತಾರೆ. ಕೆಲವು ಪ್ರಾಣಿಗಳಿಗೆ ನಳಿಕೆಯನ್ನು ಇಳಿಸಿದರೂ ಚಿಕಿತ್ಸೆಯನ್ನು ಮಾಡುವುದಿಲ್ಲ. ಇವು ಹೋಲಿಕೆಯ ಗುಂಪಿನವು. ಇವೆರಡು ಗುಂಪುಗಳ ನಡುವೆ ಕಾಣುವ ವ್ಯತ್ಯಾಸವೇ ಚಿಕಿತ್ಸೆಯ ನಿಜವಾದ ಫಲ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಪ್ರಾಣಿಗಳಲ್ಲಿ ಸಿಕ್ಕ ಜಯ ಮನುಷ್ಯರಲ್ಲಿ ಉಳಿಯುವುದೆಂಬ ಭರವಸೆಯಿಲ್ಲ. ಇದಕ್ಕೆ ದ್ರವ್ಯವನ್ನು ಚುಚ್ಚುವ ಚಿಕಿತ್ಸೆಯ ಕಥೆಯೇ ನಿದರ್ಶನ. 1980ರ ದಶಕದಲ್ಲಿ ನಾಯಿಗಳ ಸಂಕೋಚಕ ಸ್ನಾಯುವಿಗೆ ಕೊಲಾಜೆನ್ ಎಂಬ ಪ್ರೋಟೀನನ್ನು ಚುಚ್ಚಿ ನೋಡಿದ್ದರು. ಕೊಲಾಜೆನ್ ದೇಹದಲ್ಲಿ ಕ್ರಮೇಣ ಕರಗುವ ವಸ್ತು; ಆದ್ದರಿಂದ ಅದರ ಫಲ ಬಹುಕಾಲ ನಿಲ್ಲುವಂಥದಲ್ಲ. ಕರಗದ ವಸ್ತುವಿಗಾಗಿ ಹುಡುಕಾಟ ನಡೆದು, ಎಂಟೆರಿಕ್ಸ್ ಎಂಬ ದ್ರವ ಸಿದ್ಧವಾಯಿತು. ಅದು ಸೂಜಿಯಲ್ಲಿರುವಾಗ ನೀರಾಗಿದ್ದು, ಅಂಗಾಂಶದ ತೇವ ತಗುಲಿದೊಡನೆ ಸ್ಪಂಜಿನಂತೆ ಗಟ್ಟಿಯಾಗುತ್ತಿತ್ತು. ಕ್ಷ-ಕಿರಣದಲ್ಲಿ ಕಾಣಿಸುವಂತೆ ಅದಕ್ಕೆ ಟ್ಯಾಂಟಲಮ್ ಎಂಬ ಲೋಹದ ಪುಡಿಯನ್ನು ಬೆರೆಸಿದ್ದರು. ಹಂದಿಗಳಲ್ಲಿ ನಡೆದ ಪರೀಕ್ಷೆಯ ವರದಿ 2002ರಲ್ಲಿ ಪ್ರಕಟವಾಯಿತು. ಮನುಷ್ಯರ ಮೇಲಿನ ಪರೀಕ್ಷೆಗಳೂ ನಡೆದು, 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಒಪ್ಪಿಗೆ ನೀಡಿತು. ಆದರೆ ಬಳಕೆ ಹೆಚ್ಚಿದಂತೆ ಕೆಟ್ಟ ಸುದ್ದಿಗಳು ಬಂದವು. ಕೆಲವರಲ್ಲಿ ದ್ರವವು ಅನ್ನನಾಳದ ಗೋಡೆಯನ್ನು ದಾಟಿ ಆಚೆಗೆ ಹೋಗಿತ್ತು. ಮಹಾಪಧಮನಿಗೆ ಹಾನಿಯಾಗಿ ಸಾವು ಸಂಭವಿಸಿದ್ದೂ ವರದಿಯಾಯಿತು. 2005ರಲ್ಲಿ, ಅಂದರೆ ಒಪ್ಪಿಗೆ ದೊರೆತ ಎರಡು ವರ್ಷಗಳಲ್ಲಿಯೇ, ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು.

ಪ್ರಾಣಿಪ್ರಯೋಗ ಇದನ್ನು ಮೊದಲೇ ಏಕೆ ತಿಳಿಸಲಿಲ್ಲ? ಯೋಚಿಸಿದರೆ ಉತ್ತರ ಹೊಳೆಯದೆ ಇರದು. ಪ್ರಯೋಗಶಾಲೆಯಲ್ಲಿ ಬಳಸುವ ಪ್ರಾಣಿಗಳು ಬೆರಳೆಣಿಕೆಯಷ್ಟು. ಸಾವಿರಕ್ಕೊಮ್ಮೆ ಆಗುವ ಅಪಾಯ ಇಪ್ಪತ್ತು ಹಂದಿಗಳಲ್ಲಿ ಕಾಣಿಸಿಕೊಳ್ಳದೆ ಹೋಗಬಹುದು. ಆ ಪ್ರಾಣಿಗಳು ಸಾಮಾನ್ಯವಾಗಿ ಎಳೆಯವು, ಆರೋಗ್ಯವಂತವು. ರೋಗಿಗಳಾದರೋ ಹಲವರು ವಯಸ್ಸಾದವರು. ಪ್ರಯೋಗದಲ್ಲಿ ಸೂಜಿ ಹಿಡಿಯುವವರು ಆ ವಿದ್ಯೆಯಲ್ಲಿ ಪಳಗಿದ ಕೆಲವರು. ಚಿಕಿತ್ಸೆ ಬಳಕೆಗೆ ಬಂದ ಮೇಲೆ ಸೂಜಿ ಹಿಡಿಯುವ ಕೈಗಳು ಅನೇಕ. ಕಾಲಾವಧಿಯೂ ಮುಖ್ಯವಾದುದು. 1979ರಲ್ಲಿ ಆಂಜೆಲ್‌ಚಿಕ್ ಎಂಬ ವೈದ್ಯರು ಅನ್ನನಾಳದ ಬುಡಕ್ಕೆ ಕಟ್ಟುವ, ಲಾಳದ ಆಕಾರದ ಸಿಲಿಕೋನ್ ಪಟ್ಟಿಯೊಂದನ್ನು ಬಳಕೆಗೆ ತಂದಿದ್ದರು. ಅದನ್ನು ಕಟ್ಟುವುದು ಸುಲಭವಾಗಿತ್ತು. ಸಾವಿರಾರು ಮಂದಿಗೆ ಅದನ್ನು ಕಟ್ಟಿದರು. ವರ್ಷಗಳು ಉರುಳಿದಂತೆ ಕೆಲವರಲ್ಲಿ ಆ ಪಟ್ಟಿ ಜಾಗ ಬಿಟ್ಟು ಸರಿಯಿತು. ಕೆಲವರಲ್ಲಿ ಜಠರದ ಗೋಡೆಯನ್ನೇ ಕೊರೆದು ಒಳಸೇರಿತು. ಕ್ರಮೇಣ ಅದನ್ನು ಕೈಬಿಡಬೇಕಾಯಿತು. ಕೆಲವು ತಿಂಗಳ ಪರೀಕ್ಷೆ ಹತ್ತು ವರ್ಷಗಳ ಸತ್ಯವನ್ನು ಹೇಳಲಾರದು.

ಇವೆಲ್ಲಕ್ಕಿಂತ ಮಿಗಿಲಾದ ಇನ್ನೊಂದು ತೊಡಕಿದೆ. ಎದೆಯುರಿ ಎಂಬುದು ಒಂದು ಅನುಭವ. ಅದನ್ನು ಹೇಳಿಕೊಳ್ಳಲು ಮಾತು ಬೇಕು. ಹಂದಿಯ ಅನ್ನನಾಳದಲ್ಲಿರುವ ಒತ್ತಡವನ್ನು ಅಳೆಯಬಹುದು. ‘ನಿನಗೆ ಈಗ ಉರಿ ಕಡಿಮೆಯಾಯಿತೇ?’ ಎಂದು ಅದನ್ನು ಕೇಳಲಾಗದು. ಕಾವಿನ ಚಿಕಿತ್ಸೆಯ ವಿಷಯದಲ್ಲಿ ಈ ತೊಡಕು ಎದ್ದು ಕಂಡಿತು. ಈ ಚಿಕಿತ್ಸೆಯಲ್ಲಿ ನಾಲ್ಕು ಸೂಜಿಗಳುಳ್ಳ ಬಲೂನನ್ನು ಅನ್ನನಾಳದ ಬುಡಕ್ಕೆ ಇಳಿಸಿ, ಸೂಜಿಗಳ ಮೂಲಕ ಸ್ನಾಯುವನ್ನು ಕಾಯಿಸುತ್ತಾರೆ. ಒಳಪೊರೆ ಸುಡದಂತೆ ತಣ್ಣೀರನ್ನು ಹರಿಸುತ್ತಿರುತ್ತಾರೆ. ಇದರಿಂದ ಬಾಗಿಲಿನ ತಡೆಯುವ ಶಕ್ತಿ ಹೆಚ್ಚಿತೆಂದು ಹಂದಿಗಳಲ್ಲಿ 2000ದಲ್ಲಿಯೂ, ಬಾಗಿಲು ಸುಮ್ಮಸುಮ್ಮನೆ ಸಡಿಲಗೊಳ್ಳುವುದು ಕಡಿಮೆಯಾಯಿತೆಂದು ನಾಯಿಗಳಲ್ಲಿ 2003ರಲ್ಲಿಯೂ ವರದಿಗಳು ಪ್ರಕಟವಾದವು. ಅದೇ 2003ರಲ್ಲಿ 64 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ ಬಂದಿತು. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಹುಸಿ ಚಿಕಿತ್ಸೆ. ಯಾರಿಗೆ ಯಾವುದೆಂಬುದು ರೋಗಿಗಳಿಗೆ ತಿಳಿದಿರಲಿಲ್ಲ. ಆರು ತಿಂಗಳ ಮೇಲೆ ನೋಡಿದಾಗ, ನಿಜವಾದ ಚಿಕಿತ್ಸೆ ಪಡೆದವರಲ್ಲಿ ಎದೆಯುರಿ ಹೆಚ್ಚು ತಗ್ಗಿತ್ತು. ಆದರೆ ಅನ್ನನಾಳದಲ್ಲಿ ಆಮ್ಲ ನಿಲ್ಲುವ ಅವಧಿಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ! ಉರಿ ತಗ್ಗಿತು, ಆಮ್ಲ ತಗ್ಗಲಿಲ್ಲ. ಹಾಗಾದರೆ ಗುಣವಾದದ್ದು ಬಾಗಿಲೋ, ನೋವನ್ನು ಅರಿಯುವ ನರವೋ? ಇಂತಹ ಪ್ರಶ್ನೆಯನ್ನು ಮನುಷ್ಯನು ಮಾತ್ರ ಎಬ್ಬಿಸಬಲ್ಲನು. ಪ್ರಾಣಿಯ ಮೇಲಿನ ಅಳತೆಯೊಂದೇ ಸಾಲದು.

ಎಲ್ಲ ಪ್ರಯತ್ನಗಳೂ ವಿಫಲವಾದುವೆಂದು ತಿಳಿಯಬಾರದು. ಹಿಂದಿನ ತಪ್ಪುಗಳಿಂದ ಪಾಠ ಕಲಿತು ರೂಪುಗೊಂಡ ಒಂದು ಸಾಧನವೆಂದರೆ ಅಯಸ್ಕಾಂತದ ಮಣಿಗಳ ಸರ. ಟೈಟೇನಿಯಂ ಲೋಹದ ಹೊದಿಕೆಯುಳ್ಳ ಪುಟ್ಟ ಅಯಸ್ಕಾಂತಗಳನ್ನು ಪೋಣಿಸಿ, ಸಣ್ಣ ರಂಧ್ರಗಳ ಮೂಲಕ ಅನ್ನನಾಳದ ಬುಡಕ್ಕೆ ಬಳೆಯಂತೆ ತೊಡಿಸುತ್ತಾರೆ. ಮಣಿಗಳು ಒಂದನ್ನೊಂದು ಸೆಳೆದು ಬಾಗಿಲನ್ನು ಮುಚ್ಚಿರುತ್ತವೆ. ತುತ್ತು ಬಂದಾಗ ಅದರ ಒತ್ತಡಕ್ಕೆ ಸರಿದು ದಾರಿ ಬಿಡುತ್ತವೆ. 2007ರಲ್ಲಿ ಇದನ್ನು ಮೊದಲ ಬಾರಿಗೆ ರೋಗಿಗಳಿಗೆ ತೊಡಿಸಿದರು. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. 2013ರಲ್ಲಿ ಪ್ರಕಟವಾದ ವರದಿಯಂತೆ, 100 ರೋಗಿಗಳ ಪೈಕಿ 64 ಮಂದಿಯಲ್ಲಿ ಒಂದು ವರ್ಷದ ಮೇಲೆ ಆಮ್ಲದ ಹಾವಳಿ ಸಹಜ ಮಟ್ಟಕ್ಕೆ ಇಳಿದಿತ್ತು, ಇಲ್ಲವೇ ಕನಿಷ್ಠ ಅರ್ಧದಷ್ಟು ತಗ್ಗಿತ್ತು. ಮೊದಮೊದಲು 68 ಮಂದಿಗೆ ನುಂಗುವುದರಲ್ಲಿ ತೊಂದರೆಯಾಯಿತು. ಒಂದು ವರ್ಷದ ಮೇಲೆ ಆ ತೊಂದರೆ ಉಳಿದದ್ದು 11 ಮಂದಿಗೆ. ಆರು ಮಂದಿಯಿಂದ ಸರವನ್ನು ತೆಗೆಯಬೇಕಾಯಿತು. ಲಾಭವನ್ನೂ ನಷ್ಟವನ್ನೂ ಹೀಗೆ ಮುಚ್ಚುಮರೆಯಿಲ್ಲದೆ ಹೇಳುವುದು ವಿಜ್ಞಾನದ ಧರ್ಮ.

ಇಲ್ಲಿ ನಮ್ಮ ಮನಸ್ಸಿನಲ್ಲಿ ಏಳಬೇಕಾದ ಪ್ರಶ್ನೆಯೊಂದಿದೆ. ಮನುಷ್ಯನ ಎದೆಯುರಿಗಾಗಿ ಹಂದಿಯೊಂದು ನೋಯಬೇಕೇ? ದಯೆಯನ್ನು ಧರ್ಮದ ಮೂಲವೆಂದು ನಂಬಿದ ನಾಡಿನಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಮೂರು ಸೂತ್ರಗಳನ್ನು ಮುಂದಿಟ್ಟರು. ಸಾಧ್ಯವಿದ್ದೆಡೆ ಪ್ರಾಣಿಗೆ ಬದಲಾಗಿ ಬೇರೆ ವಿಧಾನವನ್ನು ಬಳಸಬೇಕು. ಬಳಸಲೇಬೇಕಾದರೆ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕು. ಬಳಸಿದ ಪ್ರಾಣಿಗೆ ಆಗುವ ನೋವನ್ನು ಕನಿಷ್ಠಗೊಳಿಸಬೇಕು. ಭಾರತದಲ್ಲಿಯೂ ಇದೇ ಕಾಲದಲ್ಲಿ ಇದೇ ದಿಕ್ಕಿನಲ್ಲಿ ಚಿಂತನೆ ನಡೆಯಿತು. ಹೆಸರಾಂತ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿ ಪ್ರಾಣಿಹಿಂಸೆಯನ್ನು ತಡೆಯುವ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಇಂತಹ ಕಾನೂನನ್ನು ತರುವುದಾಗಿ ಪ್ರಧಾನಿ ನೆಹರೂ ಅವರು ಭರವಸೆಯಿತ್ತ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಅದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮ ಜಾರಿಗೆ ಬಂದಿತು. ಪ್ರಯೋಗಗಳನ್ನು ಎಚ್ಚರದಿಂದಲೂ ಕರುಣೆಯಿಂದಲೂ, ಆದಷ್ಟು ಮಟ್ಟಿಗೆ ಅರಿವಳಿಕೆ ಕೊಟ್ಟು ನಡೆಸಬೇಕು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಯಬಹುದಾದುದಕ್ಕೆ ಪ್ರಾಣಿಯನ್ನು ಬಳಸಬಾರದು. ಸಣ್ಣ ಪ್ರಾಣಿಗಳಿಂದ ಅದೇ ಫಲ ದೊರೆಯುವುದಾದರೆ ದೊಡ್ಡ ಪ್ರಾಣಿಗಳನ್ನು ಮುಟ್ಟಬಾರದು—ಇವು ಈ ಕಾನೂನಿನ ಆಶಯಗಳು. ನಳಿಕೆಯ ಚಿಕಿತ್ಸೆಯನ್ನು ಇಲಿಯಲ್ಲಿ ಪರೀಕ್ಷಿಸಲಾಗದೆಂಬುದನ್ನು ನಾವು ನೋಡಿದೆವು. ಆದ್ದರಿಂದ ಹಂದಿಯನ್ನು ಬಳಸಬೇಕೆನ್ನುವವರು ಅದರ ಅಗತ್ಯವನ್ನು ಮೊದಲು ಸಾಧಿಸಿ ತೋರಿಸಬೇಕಾಗುತ್ತದೆ. ಇಂದು ವೈದ್ಯರು ನಳಿಕೆಯ ಬಳಕೆಯನ್ನು ಅಭ್ಯಾಸ ಮಾಡುವುದಕ್ಕೆ ಕೃತಕ ಮಾದರಿಗಳನ್ನೂ, ಕಸಾಯಿಖಾನೆಯಿಂದ ತಂದ ಅಂಗಗಳನ್ನೂ, ಗಣಕಯಂತ್ರಗಳನ್ನೂ ಬಳಸುತ್ತಿದ್ದಾರೆ. ಇದರಿಂದ ಎಷ್ಟೋ ಜೀವಗಳು ಉಳಿಯುತ್ತವೆ.

ಪ್ರಾಣಿಪ್ರಯೋಗವನ್ನು ಕಣ್ಣುಮುಚ್ಚಿ ನಂಬಿದರೆ ರೋಗಿಗೆ ಅಪಾಯ. ಅದನ್ನು ಅಲಕ್ಷಿಸಿ ಮುನ್ನುಗ್ಗಿದರೂ ರೋಗಿಗೆ ಅಪಾಯ. ಪ್ರಯೋಗವನ್ನು ಸರಿಯಾಗಿ ಯೋಜಿಸದೆ ಮಾಡಿದರೆ ಪ್ರಾಣಿಯ ನೋವು ವ್ಯರ್ಥ. ಹಾಗೆ ವ್ಯರ್ಥವಾದ ನೋವಿಗಿಂತ ದೊಡ್ಡ ಕ್ರೌರ್ಯವಿಲ್ಲ. ಆದ್ದರಿಂದ ಸರಿಯಾದ ಪ್ರಾಣಿಯನ್ನು ಆರಿಸುವುದು, ಹೋಲಿಕೆಯ ಗುಂಪನ್ನು ಇಡುವುದು, ಸಾಕಷ್ಟು ಕಾಲ ಕಾದು ನೋಡುವುದು, ಸೋಲನ್ನೂ ಗೆಲುವನ್ನೂ ಒಂದೇ ರೀತಿ ಪ್ರಕಟಿಸುವುದು—ಇವು ವಿಜ್ಞಾನದ ನಿಯಮಗಳು ಮಾತ್ರವಲ್ಲ, ದಯೆಯ ನಿಯಮಗಳೂ ಆಗಿವೆ. ಒಂದು ಗುಳಿಗೆಯಿಂದಲೋ ಒಂದು ನಳಿಕೆಯಿಂದಲೋ ಎದೆಯುರಿ ಶಮನವಾದಾಗ ನಾವು ವೈದ್ಯರನ್ನು ನೆನೆಯುತ್ತೇವೆ. ನೆನೆಯುವುದು ಯುಕ್ತವೇ ಸರಿ. ಅದರ ಹಿಂದೆ ಹೆಸರಿಲ್ಲದ, ಮಾತಿಲ್ಲದ ಎಷ್ಟೋ ಜೀವಗಳ ಋಣವೂ ಇದೆ. ಆ ಋಣವನ್ನು ತೀರಿಸುವ ದಾರಿ ಒಂದೇ: ಅವುಗಳಿಂದ ಪಡೆದ ಜ್ಞಾನವನ್ನು ಪ್ರಾಮಾಣಿಕವಾಗಿ ಬಳಸುವುದು, ಮತ್ತು ಅವುಗಳ ನೆರವಿಲ್ಲದೆ ಕಲಿಯಬಹುದಾದುದನ್ನು ಹಾಗೆಯೇ ಕಲಿಯುವುದು.

ಅಭ್ಯಾಸ

ಅ. ಪದಗಳ ಅರ್ಥ

ಜಠರ – ಹೊಟ್ಟೆಯೊಳಗಿನ ಅನ್ನಾಶಯ
ವಪೆ – ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆ
ಸಂಕೋಚಕ ಸ್ನಾಯು – ಬಿಗಿದುಕೊಂಡು ದಾರಿಯನ್ನು ಮುಚ್ಚುವ ಸ್ನಾಯು
ಮಹಾಪಧಮನಿ – ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ
ಅರಿವಳಿಕೆ – ನೋವು ತಿಳಿಯದಂತೆ ಮಾಡುವ ಔಷಧ
ತೂಬು – ಕೆರೆಯ ನೀರನ್ನು ಬಿಡುವ ಕಂಡಿ
ಎರವಾಗು – ಕೇಡಾಗು, ಕಳೆದುಹೋಗುವಂತಾಗು

ಆ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ

1. ಜಠರರಸದಲ್ಲಿರುವ ಆಮ್ಲವನ್ನು ಗುರುತಿಸಿದವರು ಯಾರು?
2. ಜಠರದ ಗೋಡೆಯನ್ನು ಆಮ್ಲವು ಏಕೆ ಸುಡುವುದಿಲ್ಲ?
3. ನಿಸೆನ್ ಅವರು ಜರ್ಮನಿಯನ್ನು ಏಕೆ ತೊರೆದರು?
4. ನಳಿಕೆಯ ಚಿಕಿತ್ಸೆಗಳ ಪರೀಕ್ಷೆಗೆ ಇಲಿ ಏಕೆ ಒದಗುವುದಿಲ್ಲ?
5. ಎಂಟೆರಿಕ್ಸ್ ದ್ರವಕ್ಕೆ ಲೋಹದ ಪುಡಿಯನ್ನು ಬೆರೆಸಿದ್ದೇಕೆ?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ

1. ಜಠರದ ಬಾಗಿಲು ಕೆಡುವುದಕ್ಕೆ ಇರುವ ಮೂರು ಕಾರಣಗಳನ್ನು ವಿವರಿಸಿರಿ.
2. ಹೋಲಿಕೆಯ ಗುಂಪು ಎಂದರೇನು? ಅದರ ಅಗತ್ಯವೇನು?
3. ಪ್ರಾಣಿಗಳಲ್ಲಿ ಕಾಣದ ಅಪಾಯ ಮನುಷ್ಯರಲ್ಲಿ ಕಾಣಿಸಿಕೊಳ್ಳಲು ಕಾರಣಗಳಾವುವು?
4. 64 ರೋಗಿಗಳ ಪರೀಕ್ಷೆಯಿಂದ ಎದ್ದ ಪ್ರಶ್ನೆ ಯಾವುದು?

ಈ. ಕೆಳಗಿನ ಮಾತುಗಳ ಸ್ವಾರಸ್ಯವನ್ನು ವಿವರಿಸಿರಿ

1. “ಊರಿನ ನಕ್ಷೆ ಊರಲ್ಲ, ಆದರೆ ನಕ್ಷೆಯಿಲ್ಲದೆ ದಾರಿ ಹಿಡಿಯುವುದು ಕಷ್ಟ.”
2. “ಕೆಲವು ತಿಂಗಳ ಪರೀಕ್ಷೆ ಹತ್ತು ವರ್ಷಗಳ ಸತ್ಯವನ್ನು ಹೇಳಲಾರದು.”

ಉ. ಭಾಷಾಭ್ಯಾಸ

1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಜಠರಾಗ್ನಿ, ಕಾಲಾವಧಿ, ಮತ್ತೊಬ್ಬರು, ಬೆರಳೆಣಿಕೆ.
2. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಪಳಗು, ಮುಚ್ಚುಮರೆ, ಕೈಬಿಡು, ಮರುಕಳಿಸು.

ಊ. ಚರ್ಚಿಸಿರಿ

‘ಪ್ರಾಣಿಪ್ರಯೋಗ ಬೇಕೇ, ಬೇಡವೇ?’ ಎಂಬ ವಿಷಯವನ್ನು ಕುರಿತು ತರಗತಿಯಲ್ಲಿ ಚರ್ಚಾಕೂಟವನ್ನು ಏರ್ಪಡಿಸಿ, ಎರಡೂ ಪಕ್ಷಗಳ ವಾದಗಳನ್ನು ಬರೆದಿಡಿರಿ.